ದ್ರಾಕ್ಷಿ ತೋಟದ ಮುನ್ನೂರ ಹನ್ನೆರಡು

“ಬರೀತೀಯಾ, ಬರಿ. ಹೆಸರು ಮಾತ್ರ ಹಾಕ್ಬೇಡ ಕಣೇ. ಆಮೇಲೆ ಜನ ಮನೆ ಹುಡುಕ್ಕೊಂಡು ಬಂದು ಬೆರಳು ಚಾಚ್ತಾರೆ” ಎಂದು ಫೋನಿನಲ್ಲಿ ನಕ್ಕರು. ಹಾಗಾಗಿ ಇಲ್ಲಿ ಅವರಿಗೆ ಹೆಸರಿಲ್ಲ. ನಮ್ಮ ಸರಕಾರಿ ಆಸ್ಪತ್ರೆಯಲ್ಲಿ ಎಲ್ಲರಿಗೂ ಅವರು ಲ್ಯಾಬ್ ಮೇಡಂ, ನನಗೆ ಅಕ್ಕ.

ಹೋದ ತಿಂಗಳು ಅವರ ಬೀಳ್ಕೊಡುಗೆ ಆಯಿತು. ವೇದಿಕೆ ಮೇಲಿದ್ದವರು ಒಬ್ಬರಾದ ಮೇಲೊಬ್ಬರು ಎದ್ದು ದಕ್ಷರು, ಪ್ರಾಮಾಣಿಕರು, ಸಮಯಪಾಲಕರು ಎಂದರು. ಆ ಮಾತನ್ನು ಯಾರಿಗೆ ಬೇಕಾದರೂ ಹೇಳಬಹುದು, ನಮ್ಮ ಆಸ್ಪತ್ರೆಯ ಗೋಡೆ ಗಡಿಯಾರಕ್ಕೂ ಹೇಳಬಹುದು. ನನ್ನ ಸರದಿ ಬಂದಾಗ ನಾನಾದರೂ ಏನು ಕಡಿದು ಗುಡ್ಡೆ ಹಾಕಿದೆ? ಎರಡು ಮಾತು ಆಡಿ, ಮೈಕು ಇಟ್ಟು ಬಂದು ಕೂತೆ. ಬಸ್ಸಿನಲ್ಲಿ ಮನೆಗೆ ಬರುವಾಗ ದಾರಿಯುದ್ದಕ್ಕೂ ನನ್ನನ್ನೇ ಬೈದುಕೊಂಡೆ. ಅಲ್ಲಿ ಹೇಳಬೇಕಿದ್ದುದನ್ನು ಇಲ್ಲಿ ಹೇಳುತ್ತಿದ್ದೇನೆ.

ಅಕ್ಕನ ತವರು ಚಿಂತಾಮಣಿ ಕಡೆ, ಅಂಬಾಜಿದುರ್ಗದ ಬುಡದ ಒಂದು ಹಳ್ಳಿ. ಮನೆಯಲ್ಲಿ ತೆಲುಗು, ಹೊರಗೆ ಕನ್ನಡ, ಖುಷಿ ಹೆಚ್ಚಾದರೆ ಎರಡೂ ಕಲಸಿ ಉಂಡೆ. ಕುಳ್ಳಗಿನ ಆಳು. ಕೆಲಸಕ್ಕೆ ಕೂತರೆ ಬಳೆಗಳನ್ನೆಲ್ಲ ಮೊಣಕೈವರೆಗೆ ಏರಿಸಿ ಅವು ಜಾರದಂತೆ ಒಂದು ರಬ್ಬರ್ ಬ್ಯಾಂಡ್ ಹಾಕುತ್ತಿದ್ದರು. ಆ ರಬ್ಬರ್ ಬ್ಯಾಂಡ್ ಹಾಕಿದ್ದಾರೆ ಅಂದರೆ ಮಾತಾಡಿಸಬಾರದು ಎಂದು ಅರ್ಥ. ಡಾಕ್ಟರೇ ಬಂದರೂ ಬಾಗಿಲಲ್ಲಿ ನಿಂತು ಕಾಯುತ್ತಿದ್ದರು.

ನಾನು ಆಗ ಮನೆಮನೆ ತಿರುಗುವ ಆರೋಗ್ಯ ಸಹಾಯಕಿ. ಜನರ ಬಾಯಲ್ಲಿ ಸಿಸ್ಟರು. ಬೆಳಗ್ಗೆ ಲಸಿಕೆ ಡಬ್ಬಿ ಹೆಗಲಿಗೆ ಹಾಕಿಕೊಂಡು ಹೊರಡುವ ಮುಂಚೆ ಅಕ್ಕನ ಕೋಣೆಗೆ ಒಂದು ಸಲ ಇಣುಕದಿದ್ದರೆ ನನಗೆ ದಿನ ಶುರುವಾಗುತ್ತಿರಲಿಲ್ಲ. ಸಕ್ಕರೆ ಕಾಯಿಲೆ ಪರೀಕ್ಷೆ ಅಂದರೆ ಆಗ ಅಲ್ಲಿ ಒಂದು ಸ್ಪಿರಿಟ್ ದೀಪ, ಒಂದು ಗಾಜಿನ ನಳಿಗೆ, ನೀಲಿ ದ್ರಾವಣ. ಅದಕ್ಕೆ ಎಂಟು ಹನಿ ಮೂತ್ರ ಹಾಕಿ ಕಾಯಿಸಬೇಕು. ನೀಲಿ ಹಾಗೇ ಉಳಿದರೆ ಗೆದ್ದಿರಿ. ಹಸಿರಾಗಿ, ಹಳದಿಯಾಗಿ, ಕೊನೆಗೆ ಇಟ್ಟಿಗೆ ಬಣ್ಣಕ್ಕೆ ತಿರುಗಿದರೆ ಸಕ್ಕರೆ ಜೋರಾಗಿದೆ ಎಂದು ಲೆಕ್ಕ. ಅಕ್ಕ ರೋಗಿಯನ್ನೇ ಒಳಗೆ ಕರೆದು ತೋರಿಸುತ್ತಿದ್ದರು. “ನಿಮ್ದೇ ತಾನೇ, ಯಾಕೆ ನಾಚ್ಕೋತೀರಾ? ಬನ್ನಿ, ಬಣ್ಣ ನೋಡಿ” ಎನ್ನುತ್ತಿದ್ದರು. ಮಿಕ್ಕ ಆಸ್ಪತ್ರೆಗಳಲ್ಲಿ ಚೀಟಿ ಕೊಟ್ಟು ಕಳಿಸುತ್ತಿದ್ದ ವಿಷಯವನ್ನು ಇವರು ಜನರ ಕಣ್ಣಿಗೇ ತೋರಿಸಬೇಕು ಎನ್ನುವವರು.

ಆಮೇಲೆ ಆ ಯಂತ್ರ ಬಂತು. ಚಿಕ್ಕಬಳ್ಳಾಪುರ ಆಗಷ್ಟೇ ಕೋಲಾರದಿಂದ ಬೇರೆಯಾಗಿ ಜಿಲ್ಲೆಯಾಗಿದ್ದ ಕಾಲ. ಒಂದು ಮೀಟಿಂಗಿಗೆ ಹೋದ ಡಾಕ್ಟರು ಸೋಪಿನ ಪೆಟ್ಟಿಗೆಯಷ್ಟು ದೊಡ್ಡ ಡಬ್ಬಿಯೊಂದನ್ನು ತಂದು ಅಕ್ಕನ ಮೇಜಿನ ಮೇಲಿಟ್ಟರು. ಅಂಗೈಯಲ್ಲಿ ಹಿಡಿಯುವ ಗ್ಲೂಕೋಮೀಟರು. ಕಾಗದದಂಥ ಒಂದು ಪಟ್ಟಿ ಸಿಕ್ಕಿಸಿ, ಬೆರಳು ಚುಚ್ಚಿ ಸಾಸಿವೆ ಕಾಳಿನಷ್ಟು ರಕ್ತ ಮುಟ್ಟಿಸಿದರೆ ಐದು ಎಣಿಸುವಷ್ಟರಲ್ಲಿ ಸಂಖ್ಯೆ ಬಂದುಬಿಡುತ್ತದೆ. ಅವತ್ತು ಅಕ್ಕ ಕಾಫಿ ಕುಡಿಯಲಿಲ್ಲ. ಮೊದಲು ತಮ್ಮ ಬೆರಳು, ಆಮೇಲೆ ನನ್ನದು, ಡಾಕ್ಟರದು, ಗೇಟಿನ ಕಾವಲಿನವನದು, ಮೊಸರು ಮಾರಲು ಬಂದ ಹೆಂಗಸಿನದು. “ಚೂಡು ಚೂಡು! ಬಂತು ನೋಡೇ! ಇಷ್ಟು ವರ್ಷ ಜನ ಲ್ಯಾಬಿಗೆ ಬರ್ತಿದ್ರು. ಇನ್ಮೇಲೆ ಲ್ಯಾಬೇ ಜನದ ಹತ್ರ ಹೋಗುತ್ತೆ ಕಣೇ! ಮರದ ಕೆಳಗೆ, ಹೊಲದ ಬದಿನ ಮೇಲೆ!” ನನ್ನ ಎರಡೂ ಭುಜ ಹಿಡಿದು ಅಲ್ಲಾಡಿಸಿಬಿಟ್ಟರು. ನನಗೂ ಮೈ ಜುಮ್ಮೆಂದಿತು, ಸುಳ್ಳು ಯಾಕೆ ಹೇಳಲಿ.

ಅಲ್ಲಿಂದಾಚೆ ಗುರುವಾರ ಗುರುವಾರ ನಾವಿಬ್ಬರೂ ಊರೂರು ಸುತ್ತಿದೆವು. ಶಿಡ್ಲಘಟ್ಟದ ರೇಷ್ಮೆ ನೂಲು ತೆಗೆಯುವ ಶೆಡ್ಡುಗಳಲ್ಲಿ ಮೊದಲ ದಿನವೇ ಪೇಚಾಟ. ದಿನವಿಡೀ ಬಿಸಿನೀರಿನಲ್ಲಿ ಗೂಡು ಆಡಿಸಿ ಆಡಿಸಿ ಅವರ ಬೆರಳ ತುದಿ ಬೆಳ್ಳಗೆ ನೆನೆದು ಸುಕ್ಕಾಗಿರುತ್ತದೆ. ಚುಚ್ಚಿದರೆ ರಕ್ತವೇ ಬಾರದು, ಬಂದರೂ ನೀರುನೀರು. ಅಕ್ಕ ಒಂದು ನಿಮಿಷ ಯೋಚಿಸಿ ಎದುರಿಗಿದ್ದ ಮುದುಕರೊಬ್ಬರ ಕಿವಿಯ ಹಾಲೆಯನ್ನು ಉಜ್ಜಿ ಅಲ್ಲಿ ಚುಚ್ಚಿದರು. “ಅರೆ ಅಮ್ಮಾ, ಈ ವಯಸ್ಸಲ್ಲಿ ನಂಗೆ ಕಿವಿ ಚುಚ್ತಾ ಇದೀಯಾ? ಓಲೆ ಯಾರು ಕೊಡ್ಸ್ತಾರೆ?” ಎಂದರು ಆ ಚಾಚಾ. “ಶುಗರ್ ಇಲ್ಲ ಅಂತ ಬಂದ್ರೆ ನಾನೇ ಕೊಡಿಸ್ತೀನಿ ಚಾಚಾ” ಎಂದರು ಅಕ್ಕ. ಶೆಡ್ಡಿಗೆ ಶೆಡ್ಡೇ ನಕ್ಕಿತು. ಮುಂದಿನ ಗುರುವಾರ ಜನ ತಾವಾಗಿಯೇ ಕಿವಿ ಮುಂದೆ ಮಾಡಿಕೊಂಡು ಸಾಲಿನಲ್ಲಿ ನಿಂತಿದ್ದರು.

ಅವರಲ್ಲಿ ಒಂದು ಕೆಟ್ಟ ಅಭ್ಯಾಸವಿತ್ತು. ಹೇಳದಿದ್ದರೆ ಅವರೇ ಬೈಯುತ್ತಾರೆ. ಯಂತ್ರದಲ್ಲಿ ಸಂಖ್ಯೆ ಬಂದ ಕೂಡಲೇ ಗೂಡಿನ ಮಾರುಕಟ್ಟೆಯಲ್ಲಿ ಹರಾಜು ಕೂಗುವವರ ಹಾಗೆ ಜೋರಾಗಿ ಕೂಗಿಬಿಡುವುದು. ನಾನು ರಿಜಿಸ್ಟರಿನಲ್ಲಿ ಬರೆದುಕೊಳ್ಳಲಿ ಎಂದು ಒಂದು ನೆಪ. ನಿಜವಾಗಿ ನೋಡಿದರೆ ಅದು ಅವರ ಸಂಭ್ರಮ. “ನೂರಾ ಎರಡು! ಬಂಗಾರ! ಹೋಗು ತಾಯಿ, ಹಬ್ಬ ಮಾಡು!” ಪಕ್ಕದವರಿಗೆ, ದಾರಿಯಲ್ಲಿ ಹೋಗುವವರಿಗೆ, ಎಲ್ಲರಿಗೂ ಕೇಳಬೇಕು. ನಾನೂ ಅದರಲ್ಲಿ ತಪ್ಪೇನೂ ಕಂಡಿರಲಿಲ್ಲ.

ಶಿವರಾತ್ರಿ ಕಳೆದು ಬಿಸಿಲು ಏರುತ್ತಿದ್ದ ಒಂದು ಗುರುವಾರ ಶಿಡ್ಲಘಟ್ಟ ರಸ್ತೆಯ ಒಂದು ದ್ರಾಕ್ಷಿ ತೋಟಕ್ಕೆ ಹೋದೆವು. ಕಟಾವು ನಡೆದಿತ್ತು. ಚಪ್ಪರದ ಕೆಳಗೆ ಮೂವತ್ತು ಜನ ಹೆಂಗಸರು ಗೊಂಚಲು ಕತ್ತರಿಸಿ, ಒಡೆದ ಕಾಯಿ ಬಿಡಿಸಿ, ಕ್ರೇಟಿಗೆ ತುಂಬುತ್ತಿದ್ದರು. ಒಡೆದದ್ದು ಬಾಯಿಗೆ, ಗಟ್ಟಿಯದು ಕ್ರೇಟಿಗೆ. ಅದು ಅಲ್ಲಿನ ಪದ್ಧತಿ, ಯಾವ ತೋಟದ ಮಾಲೀಕನೂ ಬೇಡ ಎನ್ನುವುದಿಲ್ಲ. ಕೆಲಸ ಕೆಡಬಾರದು ಎಂದು ನಾವು ಅವರು ನಿಂತಲ್ಲಿಗೇ ಹೋದೆವು. ಬೆರಳನ್ನು ಸ್ಪಿರಿಟ್ ಹತ್ತಿಯಿಂದ ಒರೆಸಿ ಅಕ್ಕ ಚುಚ್ಚುತ್ತಾ ಹೋದರು, ಕೂಗುತ್ತಾ ಹೋದರು, ನಾನು ಬರೆಯುತ್ತಾ ಹೋದೆ. ಇನ್ನೂರ ಎಂಬತ್ತು. ಇನ್ನೂರ ನಲವತ್ತೈದು. ಮುನ್ನೂರು. ಮೊದಮೊದಲು ಜೋರಾಗಿದ್ದ ಅಕ್ಕನ ದನಿ ಬರಬರುತ್ತಾ ಇಳಿಯಿತು. ಕೂಗುವುದು ಮಾತ್ರ ನಿಲ್ಲಲಿಲ್ಲ. ಕೊನೆಯ ಸಾಲಿನಲ್ಲಿದ್ದ ಮಂಜುಳ ಎಂಬ ಹುಡುಗಿಗೆ ಮುನ್ನೂರ ಹನ್ನೆರಡು ಬಂತು. ಇಪ್ಪತ್ತೆರಡು ವರ್ಷದ, ಕಡ್ಡಿಯಂಥ ಹುಡುಗಿ. ಅವಳ ಕೈಯಲ್ಲಿದ್ದ ಕತ್ತರಿ ಕೆಳಗೆ ಬಿತ್ತು.

ತೋಟದ ಮಾಲೀಕರು, ಹೊಟ್ಟೆ ಹೊತ್ತ ಮನುಷ್ಯ, ನೆರಳಿನಲ್ಲಿ ಕುರ್ಚಿ ಹಾಕಿ ಕೂತಿದ್ದರು. ಅವರಿಗೆ ನೂರಾ ನಾಲ್ಕು. “ಇದೇನಕ್ಕ ಅನ್ಯಾಯ! ಕೂಲಿ ಮಾಡೋರಿಗೆಲ್ಲ ಸಕ್ಕರೆ, ಕೂತು ತಿನ್ನೋರಿಗೆ ಇಲ್ವಾ?” ಎಂದು ನಾನು ಕೇಳಿದೆ. ಬುದ್ಧಿ ಇದ್ದಿದ್ದರೆ ಅಲ್ಲೇ ಹೊಳೆಯಬೇಕಿತ್ತು. ಇಬ್ಬರಿಗೂ ಹೊಳೆಯಲಿಲ್ಲ. ಔಷಧಿ ಸಿಂಪಡಿಸುತ್ತಾರಲ್ಲ, ಅದರದ್ದೇ ಏನೋ ಇರಬೇಕು ಎಂದು ಮಾತಾಡಿಕೊಂಡೆವು. ಸೋಮವಾರ ಖಾಲಿ ಹೊಟ್ಟೆಯಲ್ಲಿ ಆಸ್ಪತ್ರೆಗೆ ಬನ್ನಿ ಎಂದು ಎಲ್ಲರಿಗೂ ಹೇಳಿ ಬಂದೆವು. ಕಟಾವಿನ ಕೂಲಿ ಬಿಟ್ಟು ಯಾರು ಬರುತ್ತಾರೆ? ಇಬ್ಬರು ಬಂದರು. ಇಬ್ಬರಿಗೂ ಏನೂ ಇರಲಿಲ್ಲ. ಊಟ ಮಾಡಿಲ್ಲವಲ್ಲ, ಅದಕ್ಕೇ ಇಳಿದಿದೆ ಎಂದುಕೊಂಡು ಸುಮ್ಮನಾದೆವು.

ಬುಧವಾರ ಬೆಳಗ್ಗೆ ಅಕ್ಕ ಬಸ್ಸಿನಿಂದ ಇಳಿದು ಓಡಿ ಬಂದರು. ಓಡಿ ಅಂದರೆ ನಿಜಕ್ಕೂ ಓಡಿ, ಒಂದು ಚಪ್ಪಲಿಯ ಪಟ್ಟಿ ಕಿತ್ತುಹೋಗಿತ್ತು. “ಸೈತಾನ್ ದ್ರಾಕ್ಷಿ ಕಣೇ! ರಕ್ತದ್ದಲ್ಲ, ಬೆರಳಿಂದು!” ಎಂದರು. ನನಗೆ ತಲೆಬುಡ ಅರ್ಥವಾಗಲಿಲ್ಲ. ಕೂರಿಸಿ ನೀರು ಕೊಟ್ಟ ಮೇಲೆ ಹೇಳಿದರು. ಗುರುವಾರ ತೋಟದವರು ಕೊಟ್ಟು ಕಳಿಸಿದ್ದ ದ್ರಾಕ್ಷಿಯನ್ನು ಅವತ್ತು ಬೆಳಗ್ಗೆ ಮನೆಯಲ್ಲಿ ಬಿಡಿಸಿಟ್ಟು, ಯಂತ್ರ ಸರಿಯಿದೆಯೇ ಎಂದು ನೋಡುವ ದಿನದ ರೂಢಿಯಂತೆ ತಮ್ಮ ಬೆರಳನ್ನೇ ಚುಚ್ಚಿ ನೋಡಿಕೊಂಡಿದ್ದಾರೆ. ಮುನ್ನೂರ ಹದಿನೆಂಟು! ಜೀವ ಹೋದಂತಾಗಿದೆ. ಗಾಬರಿಯಲ್ಲಿ ಮುಖ ತೊಳೆದು, ಕೈ ತೊಳೆದು ಮತ್ತೆ ನೋಡಿದರೆ ತೊಂಬತ್ತನಾಲ್ಕು. ಸ್ಪಿರಿಟ್ಟಿನಿಂದ ಒರೆಸಿದರೆ ದ್ರಾಕ್ಷಿ ರಸದ ಅಂಟು ಪೂರ್ತಿ ಹೋಗುವುದಿಲ್ಲ. ನೀರಿನಲ್ಲಿ ತೊಳೆಯಬೇಕು. ಬೆರಳ ಮೇಲಿನ ಸಕ್ಕರೆಯನ್ನೇ ಯಂತ್ರ ರಕ್ತದ ಸಕ್ಕರೆ ಎಂದು ಎಣಿಸಿಬಿಟ್ಟಿತ್ತು.

ನನ್ನ ಎದೆಯ ಮೇಲಿದ್ದ ಕಲ್ಲು ಇಳಿಯಿತು. ಮೂವತ್ತು ಜನಕ್ಕೂ ಕಾಯಿಲೆ ಇಲ್ಲ! ಡಾಕ್ಟರು ಮಾತ್ರ ಬೇರೆ ಮಾತಾಡಿದರು. “ಸುಮ್ನೆ ಬಿಡಿ ಮೇಡಂ. ಜನ ಮರೀತಾರೆ. ಮೇಲಿನವರಿಗೆ ಗೊತ್ತಾದ್ರೆ ಯಂತ್ರಾನೇ ವಾಪಸ್ ತಗೋತಾರೆ” ಎಂದರು. “ತಗೊಳ್ಲಿ ಸರ್. ಕೂಗಿದ್ದು ನಾನು. ಸುಳ್ಳು ಅಂತ ಕೂಗೋದೂ ನಾನೇ” ಎಂದು ಅಕ್ಕ ಆಗಲೇ ಚೀಲ ಎತ್ತಿಕೊಂಡಾಗಿತ್ತು. ಬಕೆಟ್ಟು, ಸೋಪು ಹಿಡಿದು ತೋಟಕ್ಕೆ ಹೋದೆವು. ಒಬ್ಬೊಬ್ಬರ ಕೈಯನ್ನೂ ಅಕ್ಕನೇ ಉಜ್ಜಿ ತೊಳೆದು ಮತ್ತೆ ನೋಡಿದರು. ತೊಂಬತ್ತು, ನೂರು, ನೂರಾ ಹತ್ತು. ಪ್ರತಿಯೊಬ್ಬರ ಮುಂದೆಯೂ “ತಪ್ಪು ನಂದು ತಾಯಿ” ಎಂದರು. ಹೆಂಗಸರು ನಕ್ಕು ಬೈದು ಕ್ಷಮಿಸಿದರು. ಸಾಲು ಮುಗಿದಾಗ ಒಬ್ಬಳು ಕಡಿಮೆ ಇದ್ದಳು.

ಮಂಜುಳ ಕೆಲಸಕ್ಕೆ ಬಂದಿರಲಿಲ್ಲ. ಅವಳಿಗೆ ತೊಂಡೇಬಾವಿಯ ಹುಡುಗನ ಜೊತೆ ಮಾತುಕತೆ ಮುಗಿದು, ಮುಂದಿನ ತಿಂಗಳು ನಿಶ್ಚಿತಾರ್ಥ ಇತ್ತಂತೆ. ಹುಡುಗನ ಕಡೆಯ ನೆಂಟರೊಬ್ಬರು ಅದೇ ತೋಟದಲ್ಲಿ ಕ್ರೇಟು ತುಂಬುತ್ತಿದ್ದರು. ಅಕ್ಕ ಕೂಗಿದ ಮುನ್ನೂರ ಹನ್ನೆರಡು ಮೂರೇ ದಿನದಲ್ಲಿ ತೊಂಡೇಬಾವಿ ತಲುಪಿತು. ಹುಡುಗನ ತಾಯಿ, “ಕಾಯಿಲೆ ಹೆಣ್ಣು ನಮಗೆ ಬ್ಯಾಡ” ಎಂದು ಹೇಳಿ ಕಳಿಸಿದ್ದರು. ಹುಡುಗಿಯನ್ನು ನಾಟಿ ಔಷಧಿಗೆಂದು ದಿಬ್ಬೂರಹಳ್ಳಿ ಹತ್ತಿರದ ಅಜ್ಜಿಯ ಊರಿಗೆ ಕಳಿಸಿದ್ದರು. ಇದನ್ನು ಕೇಳಿ ಅಕ್ಕ ಅಲ್ಲೇ ಕ್ರೇಟಿನ ಮೇಲೆ ಕೂತುಬಿಟ್ಟರು. ಅವರ ಮುಖವನ್ನು ನನಗೆ ನೋಡಲಾಗಲಿಲ್ಲ.

ಮರುದಿನವೇ ದಿಬ್ಬೂರಹಳ್ಳಿ ಕಡೆ ಹೊರಟೆವು. ಹಿಪ್ಪುನೇರಳೆ ತೋಟದ ಪಕ್ಕದ ಮನೆ. ಹುಡುಗಿ ಮೂಲೆಯಲ್ಲಿ ಕೂತಿದ್ದಳು. ಬೆಳಗ್ಗೆ ಹಾಗಲಕಾಯಿ ರಸ, ಸಂಜೆ ಬೇವಿನ ಕಷಾಯ. ಮುದ್ದೆ ಇಲ್ಲ, ಅನ್ನ ಇಲ್ಲ. ಕೈ ತೊಳೆಸಿ ನೋಡಿದರೆ ಎಂಬತ್ತೆಂಟು. ಅಕ್ಕನ ಮುಖ ಅರಳಿತು. ಇನ್ನೇನು ಬಾಯಿ ತೆರೆಯಬೇಕು, ಅಷ್ಟರಲ್ಲಿ ಅಜ್ಜಿ ಕೈ ಮುಗಿದರು. “ನೋಡಿದ್ರಾ ನಮ್ಮ ಹಾಗಲಕಾಯಿ ಮಹಿಮೆ! ಮುನ್ನೂರು ಇದ್ದಿದ್ದು ಎಂಬತ್ತಕ್ಕೆ ಇಳೀತು!” ನಾನು ಹಣೆ ಚಚ್ಚಿಕೊಂಡೆ. ಅಕ್ಕ ದ್ರಾಕ್ಷಿಯ ಕಥೆಯನ್ನು ಮೊದಲಿನಿಂದ ಹೇಳಿದರು. ಅಜ್ಜಿ ತಲೆಯಾಡಿಸುತ್ತಾ ಕೇಳಿ, “ಆಗ್ಲಮ್ಮ, ನೀನು ಒಳ್ಳೇವಳು, ಅದಕ್ಕೇ ತಪ್ಪನ್ನ ತಲೆ ಮೇಲೆ ಹಾಕ್ಕೊಂತಿದೀಯಾ” ಎಂದು ಹುಡುಗಿಗೆ ಇನ್ನೊಂದು ಲೋಟ ರಸ ಕೊಟ್ಟರು.

ಹೊರಗೆ ಬಂದ ಮೇಲೆ ಅಕ್ಕ, “ತೊಂಡೇಬಾವಿಗೇ ಹೋಗಣ. ಅವ್ರ ಕಣ್ಮುಂದೇನೇ ಯಂತ್ರದ ಕೈಲಿ ಸುಳ್ಳು ಹೇಳಿಸ್ತೀನಿ” ಎಂದರು. ಮಂಜುಳ ಬಾಗಿಲ ಹಿಂದಿನಿಂದ ಇದನ್ನು ಕೇಳಿಸಿಕೊಂಡಿದ್ದಳು. “ನಾನೂ ಬತ್ತೀನಿ. ಅವ್ರ ಮನೆಗಲ್ಲ, ರೈಲ್ವೆ ಸ್ಟೇಷನ್ನಾಗೆ ಕೂತಿರ್ತೀನಿ. ಅವ್ರು ಏನಂದ್ರು ಅಂತ ಇನ್ಯಾರದೋ ಬಾಯಿಂದ ಕೇಳಕ್ಕೆ ನನ್ ಕೈಲಾಗಲ್ಲ” ಎಂದಳು. ಅವಳು ನಮ್ಮೊಡನೆ ಆಡಿದ ಮೊದಲ ಮಾತು ಅದು.

ಭಾನುವಾರ ಹೊರಟೆವು. ಅಕ್ಕನ ಚೀಲದಲ್ಲಿ ಯಂತ್ರ, ಎಂಟು ಪಟ್ಟಿ, ಟಿಫನ್ ಬಾಕ್ಸಿನಲ್ಲಿ ಒಂದು ಗೊಂಚಲು ದ್ರಾಕ್ಷಿ. ಗೌರಿಬಿದನೂರಿನವರೆಗೆ ಬಸ್ಸು, ಅಲ್ಲಿಂದ ರೈಲು. ಮಂಜುಳ ಮತ್ತು ಜೊತೆಗೆ ಬಂದಿದ್ದ ಅವಳ ಸೋದರಮಾವ ತೊಂಡೇಬಾವಿಯ ಪ್ಲಾಟ್‌ಫಾರ್ಮಿನ ಬೆಂಚಿನಲ್ಲಿ ಕೂತರು. ನಾವಿಬ್ಬರೂ ಊರೊಳಗೆ ನಡೆದೆವು.

ಹುಡುಗನ ತಾಯಿ ಗಟ್ಟಿಗಿತ್ತಿ. ಗಂಡ ಸತ್ತ ಮೇಲೆ ಎಮ್ಮೆ ಸಾಕಿ, ಮಗನಿಗೆ ಬ್ಯಾಟರಿ ರಿಪೇರಿ ಅಂಗಡಿ ಹಾಕಿಕೊಟ್ಟವರು. ಕಾಲಿಗೆ ಬಟ್ಟೆ ಸುತ್ತಿಕೊಂಡು ಜಗುಲಿಯಲ್ಲಿ ಕೂತಿದ್ದರು. ಮಗ ಕಂಬಕ್ಕೆ ಒರಗಿ ನಿಂತಿದ್ದ. ಅಕ್ಕಪಕ್ಕದ ನಾಲ್ಕು ಹೆಂಗಸರೂ ಬಂದು ಸೇರಿದರು. ಅಕ್ಕ ನಡೆದದ್ದನ್ನೆಲ್ಲ ಹೇಳಿ, “ನನ್ನ ಬೆರಳಲ್ಲೇ ತೋರಿಸ್ತೀನಿ” ಎಂದು ಬಳೆ ಏರಿಸಿದರು.

“ನಿನ್ ಬೆರಳ್ಗೆ ಏನ್ ಸವ್ರಿಕೊಂಡು ಬಂದಿದ್ಯೋ ಯಾರಿಗ್ಗೊತ್ತು” ಎಂದರು ಆಕೆ. “ನನ್ನ ಬೆರಳ್ಗೆ ಹಾಕು. ಮೊದ್ಲು ಬರೀ ಬೆರಳು, ಆಮೇಲೆ ದ್ರಾಕ್ಷಿ. ಸಂಖ್ಯೆ ಬ್ಯಾರೆ ಬಂದ್ರೆ ನಿನ್ ಮಾತು ಒಪ್ತೀನಿ.”

ಇದಕ್ಕಿಂತ ಒಳ್ಳೆಯದು ಇನ್ನೇನು ಬೇಕು! ನಾನೇ ತಂಬಿಗೆ ನೀರು ತಂದು ಅವರ ಕೈ ತೊಳೆಸಿದೆ. ಅಕ್ಕ ಚುಚ್ಚಿದರು. ಎಲ್ಲರೂ ಕೂತಲ್ಲೇ ಎಣಿಸಿದರು, ಒಂದು, ಎರಡು, ಮೂರು, ನಾಲ್ಕು, ಐದು. ನಾನು ಅಕ್ಕನ ಭುಜದ ಮೇಲಿಂದ ನೋಡಿದೆ. ಇನ್ನೂರ ಎಂಬತ್ತೇಳು.

ಅಕ್ಕ ಕೂಗಲಿಲ್ಲ.

ಯಂತ್ರವನ್ನು ಅಂಗೈಯೊಳಗೆ ಮುಚ್ಚಿಕೊಂಡರು. “ಎಷ್ಟು ಬಂತು?” ಎಂದ ಮಗ. “ಪಟ್ಟಿ ಸರಿ ಕೂತಿಲ್ಲ ಕಣಪ್ಪ, ಇನ್ನೊಂದ್ಸಲ” ಎಂದು ಈ ಸಲ ಆಕೆಯ ಕಿವಿಯನ್ನು ನೀರಿನಿಂದ ಒರೆಸಿ, ಒಣಗಿಸಿ, ಅಲ್ಲಿಂದ ಒಂದು ಹನಿ ತೆಗೆದರು. ಇನ್ನೂರ ತೊಂಬತ್ತೊಂದು. ನನ್ನ ನಾಲಿಗೆ ತುದಿಗೆ ಬಂದಿತ್ತು! ಕಾಯಿಲೆ ಹೆಣ್ಣು ಬೇಡ ಅಂದಿರಲ್ಲ, ಕಾಯಿಲೆ ಯಾರಿಗಿದೆ ನೋಡಿಕೊಳ್ಳಿ ಎಂದು ನಾಲ್ಕು ಜನರ ಮುಂದೆ ಕೇಳಿಬಿಡಬೇಕು ಎನಿಸಿತು. ಅಕ್ಕ ಯಾರಿಗೂ ಕಾಣದಂತೆ ನನ್ನ ತೊಡೆ ಚಿವುಟಿದರು. ಆ ಗಾಯ ಮೂರು ದಿನ ಇತ್ತು.

“ಅಮ್ಮನದು ಬೇಡ, ದಪ್ಪ ಚರ್ಮ. ಬಾರಪ್ಪ, ನೀನು ಕೊಡು” ಎಂದು ಮಗನನ್ನು ಕರೆದರು. ಅವನ ಕೈಯನ್ನು ಅವನ ತಾಯಿಯೇ ತೊಳೆದರು. ತೊಂಬತ್ತಾರು. ಅದೇ ಬೆರಳುಗಳಿಂದ ಎರಡು ದ್ರಾಕ್ಷಿ ಹಿಸುಕಿಸಿ, ಸ್ಪಿರಿಟ್ ಹತ್ತಿಯಿಂದ ಒರೆಸಿ, ಇನ್ನೊಂದು ಬೆರಳು ಚುಚ್ಚಿದರು. ಮುನ್ನೂರ ಮೂವತ್ತು! ಹೆಂಗಸರು “ಅಯ್ಯಯ್ಯೋ” ಎಂದರು. ಮತ್ತೆ ತೊಳೆದು ನೋಡಿದರೆ ತೊಂಬತ್ತೆಂಟು. ಹುಡುಗ ಯಂತ್ರವನ್ನು ತಿರುಗಿಸಿ ಮುರುಗಿಸಿ ನೋಡಿದ, ಬ್ಯಾಟರಿ ರಿಪೇರಿಯವನಲ್ಲವೇ. “ಮಿಷಿನ್ ಸರಿಯಾಗೇ ಐತಮ್ಮ. ತಪ್ಪು ಅಂಟಿಂದು” ಎಂದ. ನನಗೆ ಅಲ್ಲೇ ಕುಣಿಯಬೇಕು ಎನಿಸಿತು.

ತಾಯಿ ಮಾತ್ರ ಅಕ್ಕನ ಮುಖವನ್ನೇ ನೋಡುತ್ತಿದ್ದರು. “ಬಾ, ಎಮ್ಮೆ ತೋರಿಸ್ತೀನಿ” ಎಂದು ಎದ್ದು ಹಿತ್ತಲಿಗೆ ನಡೆದರು. ನಾನೂ ಹಿಂದೆ ಹೋದೆ. ಕೊಟ್ಟಿಗೆಯ ಹತ್ತಿರ ನಿಂತು, “ನಂದೆಷ್ಟು?” ಎಂದರು.

ಅಕ್ಕ ಎರಡೂ ಸಂಖ್ಯೆ ಹೇಳಿದರು. ಪಿಸುಮಾತಿನಲ್ಲಿ ಹೇಳಿದರು. ಬಾಯಾರಿಕೆ ಜಾಸ್ತಿ ಇದೆಯಾ, ಕಾಲಿನ ಗಾಯ ಆಗಿ ಎಷ್ಟು ದಿನವಾಯಿತು ಎಂದು ಕೇಳಿದರು. ಎರಡು ತಿಂಗಳಂತೆ. “ಈ ಯಂತ್ರ ಒಂದನ್ನೇ ನಂಬ್ಬೇಡಿ ಅಮ್ಮ. ನಾಳೆ ಖಾಲಿ ಹೊಟ್ಟೇಲಿ ಗೌರಿಬಿದನೂರು ಆಸ್ಪತ್ರೇಲಿ ತೋರಿಸಿ. ಈಗ್ಲೇ ಗೊತ್ತಾಯ್ತಲ್ಲ, ಕಾಲು ಉಳಿಯುತ್ತೆ, ಕಣ್ಣು ಉಳಿಯುತ್ತೆ. ಹೆದರ್ಕೋಬೇಡಿ. ನಾವಿಬ್ರೂ ಯಾರಿಗೂ ಹೇಳಲ್ಲ” ಎಂದರು.

ಆಕೆ ಎಮ್ಮೆಯ ಬೆನ್ನಿನ ಮೇಲೆ ಒಮ್ಮೆ ಕೈಯಾಡಿಸಿದರು. ಆಮೇಲೆ ಸರಸರನೆ ಜಗುಲಿಗೆ ಬಂದು, ಕೂತಿದ್ದವರ ಮುಂದೆ ನಿಂತು ಹೇಳಿದರು. “ಆ ಹುಡ್ಗೀಗೆ ಏನೂ ಇಲ್ಲ. ಸಕ್ಕರೆ ಇರೋದು ನಂಗೆ. ಕೇಳುಸ್ಕೊಂಡ್ರಾ? ನಂಗೆ. ನಾಳೆ ನೀವ್ ನೀವೇ ಪಿಸಪಿಸ ಅನ್ನೋದು ಬ್ಯಾಡ.” “ಹುಡ್ಗಿ ಎಲ್ಲವಳೆ?” ಎಂದು ನಮ್ಮನ್ನು ಕೇಳಿದರು. ಸ್ಟೇಷನ್ನಿನಲ್ಲಿ ಎಂದೆವು. ಸೆರಗು ಸರಿ ಮಾಡಿಕೊಂಡು, ಕುಂಟುತ್ತಲೇ ನಮಗಿಂತ ಮುಂದೆ ನಡೆದರು.

ಅವರು ಬರುವುದನ್ನು ಕಂಡು ಮಂಜುಳ ಎದ್ದು ನಿಂತಳು. ಅಕ್ಕ ಓಡಿ ಹೋಗಿ ಅವಳ ಕೈ ಹಿಡಿದು, “ಗೆದ್ವಿ ಕಣೇ! ಒಪ್ಪಿದ್ರು! ನಿಂಗೇನೂ ಇಲ್ಲ ಅಂತ ಎಲ್ಲರ ಮುಂದೆ ಹೇಳಿದ್ರು!” ಎಂದರು. ಹುಡುಗಿ ನಗಲಿಲ್ಲ. ಹುಡುಗನ ತಾಯಿ ಏನೋ ಹೇಳಲು ಬಾಯಿ ತೆರೆದರು.

“ಒಸಿ ತಡೀರಿ” ಎಂದಳು ಮಂಜುಳ. “ಅವ್ರು ಒಪ್ಪಿದ್ರು ಸರಿ. ನಾನು ಇನ್ನೂ ನಂಬಿಲ್ಲ ಮೇಡಂ. ಹಾಗಲಕಾಯಿಂದ್ಲೇ ಇಳೀತೋ ಏನೋ ಅಂತ ದಿನಾ ಸಾಯ್ತಾ ಇದೀನಿ. ನೀವು ಆ ಕಡೆ ಹೋದ ತಕ್ಷಣ ಅಂಗಡಿಗೆ ಹೋಗಿ ಎರಡು ಲಾಡು ತಿಂದೆ. ಮಾವ ಬ್ಯಾಡ ಬ್ಯಾಡ ಅಂದ್ರು. ರಸ ಬಿಟ್ಟು ಮೂರು ದಿನ ಆಯ್ತು. ಇದ್ರೆ ಇವತ್ತೇ ಗೊತ್ತಾಗೋಗ್ಲಿ. ಕೊಡಿ ಅದನ್ನ.”

ಸೋದರಮಾವ ತಲೆ ತಗ್ಗಿಸಿ ಕೂತಿದ್ದರು. ಅವಳು ಸೆರಗಿನ ಗಂಟಿನಿಂದ ಹೊಸ ಸೋಪಿನ ತುಂಡು ತೆಗೆದು ಪ್ಲಾಟ್‌ಫಾರ್ಮಿನ ನಲ್ಲಿಯಲ್ಲಿ ಕೈ ತೊಳೆದಳು, ಮತ್ತೆ ತೊಳೆದಳು, ಉಗುರಿನ ಸಂದು ಬಿಡದೆ ತೊಳೆದಳು. ಅಕ್ಕ ಸೂಜಿ ತೆಗೆದರೆ ಅದನ್ನೂ ಕೈಯಿಂದ ಇಸಿದುಕೊಂಡಳು. ತಾನೇ ಪಟ್ಟಿ ಸಿಕ್ಕಿಸಿದಳು, ತಾನೇ ಚುಚ್ಚಿಕೊಂಡಳು. ಐದರವರೆಗೆ ತಾನೇ ಎಣಿಸಿದಳು.

“ನೂರಾ ಇಪ್ಪತ್ತೊಂದು” ಎಂದು ಓದಿದಳು. ನಂಬಲಾಗದೆ ಅಕ್ಕನಿಗೆ ತೋರಿಸಿದಳು. “ಲಾಡು ತಿಂದ್ಮೇಲೆ ಇಷ್ಟು ಇದ್ರೆ?”

“ಏನೂ ಇಲ್ಲ ತಾಯಿ. ಏನಂದ್ರೆ ಏನೂ ಇಲ್ಲ” ಎಂದರು ಅಕ್ಕ.

ಹುಡುಗಿ ಬೆರಳಿನ ರಕ್ತವನ್ನು ಹತ್ತಿಯಿಂದ ಒತ್ತಿ ಹಿಡಿದು, ಹುಡುಗನ ತಾಯಿಯ ಕಡೆ ತಿರುಗಿ ಮುಖ ಎತ್ತಿ ನಿಂತಳು. “ಈಗ ಹೇಳಿ ಅತ್ತೆ. ಏನೋ ಹೇಳಕ್ಕೆ ಬಂದ್ರಲ್ಲ?”

ಅವರಿಬ್ಬರೂ ಬೆಂಚಿನ ಆ ತುದಿಯಲ್ಲಿ ಕೂತು ಮಾತಾಡಿದರು. ಈ ತುದಿಯಲ್ಲಿ ಅಕ್ಕ ನನ್ನ ಹೆಗಲಿಗೆ ಮುಖ ಒತ್ತಿ ಅಳುತ್ತಿದ್ದರು, ನಗುತ್ತಲೂ ಇದ್ದರು. “ಮೂರು ತಾಲ್ಲೂಕು ಸುತ್ತಿ ಎಲ್ಲರನ್ನೂ ನಂಬ್ಸಿದ್ನಲ್ಲೇ” ಎಂದರು, “ನೀನು ನಂಬಿದ್ಯೇನಮ್ಮಾ ಅಂತ ಇವಳನ್ನ ಒಂದ್ಸಲ ಕೇಳ್ಲಿಲ್ಲ ಕಣೇ ನಾನು.”